ಹಾಪ್ಸ್ ಬಿಯರಿನ ಸೊಗಡು ಎಷ್ಟು ದಿನ? ಹಳತಾಗುವ ರುಚಿಯನ್ನು ಮನೆಯಲ್ಲೇ ಗುರುತಿಸುವ ಬಗೆ

ಮಂಡ್ಯದಲ್ಲಿರುವ ನಮ್ಮ ಭಾವನವರಿಗೆ ಒಂದು ಯುಗಾದಿಯ ಹೊತ್ತಿಗೆ ನಾನು ಬೆಂಗಳೂರಿನಿಂದ ನಾಲ್ಕು ಕ್ಯಾನ್ ಐಪಿಎ ಬಿಯರ್ ತಂದುಕೊಟ್ಟಿದ್ದೆ. ಐಪಿಎ ಎಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಎಂಬ ಹೂವನ್ನು ಹೆಚ್ಚಾಗಿ ಹಾಕಿ ಮಾಡುವ ಕಹಿ ಬಿಯರು. ಅಪರೂಪದ ಪದಾರ್ಥ, ನೆಮ್ಮದಿಯಾಗಿ ಕೂತು ಕುಡಿಯೋಣವೆಂದು ಅವರು ಅದನ್ನು ಬೀರುವಿನ ಮೇಲಿನ ಖಾನೆಯಲ್ಲಿ ಎತ್ತಿಟ್ಟರು. ದಸರೆ ಕಳೆದ ಮೇಲೆ ಒಂದು ಸಂಜೆ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಲೋಟಕ್ಕೆ ಬಗ್ಗಿಸಿದಾಗ, ಹೊಂಬಣ್ಣದಲ್ಲಿರಬೇಕಾಗಿದ್ದ ಬಿಯರು ಹುಣಸೆಹಣ್ಣು ಕಿವುಚಿದ ನೀರಿನ ಬಣ್ಣಕ್ಕೆ ತಿರುಗಿತ್ತು. ಭಾವನವರು ಒಂದು ಗುಟುಕು ಕುಡಿದು, ಲೋಟವನ್ನು ಮತ್ತೊಮ್ಮೆ ಮೂಸಿ, ‘ನೀನು ಹೇಳಿದ ಕಿತ್ತಳೆ ಘಮ ಎಲ್ಲಿದೆಯಪ್ಪ? ಇದು ನಮ್ಮ ಆಲೆಮನೆ ಕೊಪ್ಪರಿಗೆಯ ಹತ್ತಿರ ನಿಂತ ಹಾಗಿದೆ’ ಎಂದರು. ಏಪ್ರಿಲ್ ಮೇ ತಿಂಗಳ ಮಂಡ್ಯದ ಬಿಸಿಲನ್ನು ಆ ಬೀರು ಪೂರ್ತಿಯಾಗಿ ಉಂಡಿತ್ತು. ಫ್ರಿಜ್ಜಿನಲ್ಲಿಡಿ ಎಂದು ಒಂದು ಮಾತು ಹೇಳದೆ ಹೋದ ತಪ್ಪು ನನ್ನದು.

ಆ ಬಿಯರು ಕೆಟ್ಟಿರಲಿಲ್ಲ, ಹುಳಿಯೂ ಆಗಿರಲಿಲ್ಲ, ಕುಡಿದವರಿಗೆ ಹೊಟ್ಟೆನೋವೂ ಬರಲಿಲ್ಲ. ಅದರ ಸೊಗಡು ಮಾತ್ರ ಹೋಗಿತ್ತು. ಈ ವ್ಯತ್ಯಾಸವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಐಪಿಎ ಎಂಬ ಹೆಸರಿನಲ್ಲೇ ಇಂಡಿಯಾ ಇದೆ. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಎಂಬಲ್ಲಿನ ಜಾರ್ಜ್ ಹಾಡ್ಜ್‌ಸನ್‌ನ ಭಟ್ಟಿಯಿಂದ ಹಾಪ್ಸ್ ಹೆಚ್ಚಾಗಿ ಹಾಕಿದ ಬಿಯರು ಪೀಪಾಯಿಗಳಲ್ಲಿ ಆಫ್ರಿಕಾ ಖಂಡವನ್ನು ಬಳಸಿಕೊಂಡು ತಿಂಗಳುಗಟ್ಟಲೆ ಸಮುದ್ರಯಾನ ಮಾಡಿ ಈ ದೇಶಕ್ಕೆ ಬರುತ್ತಿತ್ತು. ಈ ಕಥೆಯನ್ನು ಕೇಳಿದವರು, ಅಷ್ಟು ದೂರ ತಡೆದುಕೊಂಡ ಬಿಯರು ನಮ್ಮ ಬೀರುವಿನಲ್ಲಿ ಆರು ತಿಂಗಳು ತಡೆಯದೇ ಎಂದುಕೊಳ್ಳುತ್ತಾರೆ. ಹಾಪ್ಸಿನ ಕಹಿ ಅಂಶವು ಬಿಯರನ್ನು ಹುಳಿಯಾಗಿಸುವ ಬಹುಪಾಲು ಬ್ಯಾಕ್ಟೀರಿಯಾಗಳನ್ನು ಬೆಳೆಯಗೊಡುವುದಿಲ್ಲ, ಅದು ನಿಜ. ಆದರೆ ಬಿಯರನ್ನು ಕಾಯುವ ಈ ಹಾಪ್ಸು ತನ್ನ ಕಂಪನ್ನು ಮಾತ್ರ ಕಾಯ್ದುಕೊಳ್ಳಲಾರದು. ಕಡಲು ದಾಟಿ ಬಂದ ಆ ಬಿಯರಿನಲ್ಲಿ ಇಂದು ನಾವು ಐಪಿಎಯಲ್ಲಿ ಹುಡುಕುವ ಹಸಿ ಹಣ್ಣಿನ ಘಮ ಇದ್ದಿರಲಾರದು.

ಕಂಪು ಎಲ್ಲಿಂದ ಬರುತ್ತದೆ

ಹಾಪ್ಸ್ ಎಂದರೆ ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಂಥ ಚಳಿಯ ಪ್ರದೇಶದಲ್ಲಿ ಅದನ್ನು ಬೆಳೆಯುತ್ತಾರೆ. ಹೆಚ್ಚಿನದು ಜರ್ಮನಿಯ ಹಾಲರ್ಟೌ, ಅಮೆರಿಕದ ಯಾಕಿಮಾ ಕಣಿವೆಗಳಿಂದ ಬರುತ್ತದೆ. ಎಸಳುಗಳ ಬುಡದಲ್ಲಿ ಅರಿಸಿನದ ಬಣ್ಣದ ಅಂಟಂಟಾದ ಪುಡಿಯಿರುತ್ತದೆ, ಅದರ ಹೆಸರು ಲುಪ್ಯುಲಿನ್. ಕಹಿಯೂ ಕಂಪೂ ಈ ಪುಡಿಯಲ್ಲೇ ಇವೆ. ಕಹಿ ಬರಬೇಕಾದರೆ ಹಾಪ್ಸನ್ನು ಬಾರ್ಲಿ ಕಷಾಯದೊಂದಿಗೆ ಒಂದು ಗಂಟೆಯಷ್ಟು ಕುದಿಸಬೇಕು, ಆಗ ಅದರ ಆಲ್ಫಾ ಆಮ್ಲಗಳು ಐಸೋ-ಆಲ್ಫಾ ಆಮ್ಲಗಳಾಗಿ ಮಾರ್ಪಟ್ಟು ದ್ರವದಲ್ಲಿ ಕರಗುತ್ತವೆ. ಕಂಪಿನ ತೈಲಗಳಾದರೋ ಕುದಿಸಿದರೆ ಆವಿಯೊಂದಿಗೆ ಹಾರಿಹೋಗುತ್ತವೆ. ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಹಾಕುವಂತೆ ಕಂಪಿನ ಹಾಪ್ಸನ್ನು ಕೊನೆಯಲ್ಲಿ, ಅಥವಾ ಹುದುಗು ಮುಗಿದ ಮೇಲೆ ತಣ್ಣನೆಯ ಬಿಯರಿಗೇ ಹಾಕುತ್ತಾರೆ. ಇದಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ.

ಹೀಗೆ ತಡವಾಗಿ ಸೇರಿದ ಕಂಪೇ ಮೊದಲು ಹೊರಡುವುದು. ಮಾರ್ಗಶಿರ, ಪುಷ್ಯದಲ್ಲಿ ದೇವರಾಜ ಮಾರುಕಟ್ಟೆಯಿಂದ ಸೊಗಡವರೆ ತಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಯಿ ಕೊಳೆತಿರುವುದಿಲ್ಲ, ಕಾಳು ಗಟ್ಟಿಯಾಗಿಯೇ ಇರುತ್ತದೆ, ಆದರೆ ಎರಡು ದಿನ ಬಿಟ್ಟು ಬಿಡಿಸಿದರೆ ಕೈಗೆ ಅಂಟುವ ಆ ಸೊಗಡು ಇರುವುದಿಲ್ಲ.

ಮೊದಲು ಮೂಗನ್ನು ಅಡುಗೆಮನೆಯಲ್ಲಿ ಪಳಗಿಸಿ

ಕಳೆದುಹೋದದ್ದು ಏನೆಂದು ತಿಳಿಯಬೇಕಾದರೆ ಇದ್ದದ್ದರ ಪರಿಚಯವಿರಬೇಕು. ಬಿಯರ್ ರುಚಿಯ ಪುಸ್ತಕಗಳಲ್ಲಿ ಬರುವ ಪೈನ್ ಮರ, ಬ್ಲ್ಯಾಕ್‌ಕರೆಂಟ್ ಎಲೆ ಮುಂತಾದವುಗಳಿಂದ ಮೈಸೂರಿನ ಓದುಗರಿಗೆ ಹೆಚ್ಚಿನ ಪ್ರಯೋಜನವಿಲ್ಲ. ಅವುಗಳ ಬದಲು ನಮ್ಮ ಮನೆಯಲ್ಲೇ ಇರುವ ನಾಲ್ಕು ವಸ್ತುಗಳನ್ನು ಮೂಸಿ ನೋಡಿ. ಮಾವಿನಕಾಯಿಯ ತೊಟ್ಟು ಮುರಿದಾಗ ಒಸರುವ ಸೊನೆಯ ಖಾರವಾದ ಹಸಿ ವಾಸನೆಯಲ್ಲಿ ಮಿರ್ಸೀನ್ ಎಂಬ ತೈಲವಿದೆ, ಹಾಪ್ಸಿನಲ್ಲಿಯೂ ಅದೇ ಮುಖ್ಯ. ಕೊತ್ತಂಬರಿ ಬೀಜವನ್ನು ಹುರಿಯದೆ ಅಂಗೈಯಲ್ಲಿ ಉಜ್ಜಿದರೆ ಬರುವ ಹೂವಿನಂಥ ಘಮ ಲಿನಲೂಲ್‌ನದು, ಮಲ್ಲಿಗೆಯಲ್ಲಿಯೂ ಅದು ಇದೆ. ಮಾಗಿದ ಸೀಬೆಹಣ್ಣಿನ ಘಾಟಿಗೆ ಗಂಧಕ ಸೇರಿದ ಥಯಾಲ್‌ಗಳೆಂಬ ಪದಾರ್ಥಗಳು ಕಾರಣ, ಹೊಸ ಬಗೆಯ ಹಾಪ್ಸ್ ತಳಿಗಳು ಪ್ರಸಿದ್ಧವಾದದ್ದು ಇವುಗಳಿಂದಲೇ. ಇನ್ನು ಕಾಳುಮೆಣಸನ್ನು ಕುಟ್ಟಿದಾಗ ಬರುವ ಮರದಂಥ ವಾಸನೆ ಕ್ಯಾರಿಯೊಫಿಲೀನ್‌ನದು.

ಹಳತಾದ ಬಿಯರಿನ ವಾಸನೆಗಳಿಗೂ ಮಾದರಿ ಸಿದ್ಧವಿರಲಿ. ಹಳೆಯ ಅಚ್ಚುಬೆಲ್ಲದ ಚೂರು, ಒಂದು ಚಮಚ ಜೇನುತುಪ್ಪ, ನೀರಿನಲ್ಲಿ ನೆನೆಸಿದ ರಟ್ಟಿನ ತುಂಡು, ಇವು ಮೂರು ಸಾಕು. ನೆನೆದ ರಟ್ಟಿನ ವಾಸನೆಗೆ ಟ್ರಾನ್ಸ್-2-ನಾನೆನಾಲ್ ಎಂಬ ಪದಾರ್ಥ ಕಾರಣವೆಂದು ಹೇಳುತ್ತಾರೆ. ಒಂದು ಲೀಟರ್ ಬಿಯರಿನಲ್ಲಿ ಅದು ಸುಮಾರು 0.1 ಮೈಕ್ರೋಗ್ರಾಮ್ ಇದ್ದರೂ ಮೂಗಿಗೆ ತಿಳಿಯುತ್ತದೆ.

ಕೊಳ್ಳುವಾಗ, ತರುವಾಗ

ಬಾಟಲಿಯ ಚೀಟಿಯ ಮೇಲೆ, ಕುತ್ತಿಗೆಯ ಬಳಿ ಅಥವಾ ಕ್ಯಾನಿನ ತಳದಲ್ಲಿ ತಯಾರಿಕೆಯ ದಿನಾಂಕ ಅಚ್ಚಾಗಿರುತ್ತದೆ. ಇಂತಿಷ್ಟು ತಿಂಗಳೊಳಗೆ ಬಳಸಿ ಎಂಬ ಸೂಚನೆಯನ್ನು ಹಾಪ್ಸ್ ಬಿಯರಿಗೆ ಅಳತೆಗೋಲಾಗಿ ಹಿಡಿಯಬೇಡಿ, ಏಕೆಂದರೆ ಅದು ಕೆಡದಿರುವ ಅವಧಿಯನ್ನು ಹೇಳುತ್ತದೆಯೇ ಹೊರತು ಘಮ ಉಳಿಯುವ ಅವಧಿಯನ್ನಲ್ಲ. ನಾನು ಐಪಿಎ ಕೊಳ್ಳುವಾಗ ತಯಾರಾಗಿ ಎರಡು ತಿಂಗಳಿಗಿಂತ ಹೆಚ್ಚಾಗಿದ್ದರೆ ಹಿಂದಕ್ಕೆ ಕೊಡುತ್ತೇನೆ, ಅಂಗಡಿಯವರು ಮುಖ ಸಿಂಡರಿಸಿದರೂ ಸರಿಯೆ. ಫ್ರಿಜ್ಜಿನಲ್ಲಿ ಇಟ್ಟಿರುವುದನ್ನೇ ಕೇಳಿ. ಗಾಜಿನ ಬಾಗಿಲ ಬಳಿ ಬಿಸಿಲು ಬೀಳುವ ಜಾಗದಲ್ಲಿ ಅಂದವಾಗಿ ಜೋಡಿಸಿಟ್ಟ ಬಾಟಲಿಗಳನ್ನು, ಎಷ್ಟೇ ಹೊಸದಾದರೂ, ಮುಟ್ಟಬೇಡಿ.

ಬಾಟಲಿಗಿಂತ ಕ್ಯಾನ್ ಮೇಲು ಎಂಬುದು ನನ್ನ ಅಭಿಪ್ರಾಯ. ಕ್ಯಾನಿನೊಳಗೆ ಬೆಳಕು ಹೋಗುವುದಿಲ್ಲ, ಮುಚ್ಚಳದ ಸಂದಿನಿಂದ ಗಾಳಿ ನುಸುಳುವುದಿಲ್ಲ. ಬಾಟಲಿಯ ಮುಚ್ಚಳದ ಒಳಗಿನ ಪ್ಲಾಸ್ಟಿಕ್ ಪದರವು ನಿಧಾನವಾಗಿ ಹೊರಗಿನ ಗಾಳಿಯನ್ನು ಒಳಕ್ಕೆ ಬಿಡುತ್ತದೆ. ಮಿರ್ಸೀನ್‌ನಂಥ ತೈಲಗಳನ್ನು ತಾನೇ ಹೀರಿಕೊಳ್ಳುವುದೂ ಉಂಟು. ಬೆಂಗಳೂರಿನಿಂದ ತರುವವರು ಥರ್ಮೊಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆಯ ಚೀಲವಿಟ್ಟು ತರಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಕಾರನ್ನು ನಿಲ್ಲಿಸಿ ಮದ್ದೂರು ವಡೆ ತಿಂದು ಬರುವಷ್ಟರಲ್ಲಿ ಡಿಕ್ಕಿಯೊಳಗಿನ ಶಾಖ ಎಷ್ಟಿರುತ್ತದೆ ಎಂಬುದನ್ನು ಒಮ್ಮೆ ಕೈಯಿಟ್ಟು ನೋಡಿ.

ಶಾಖದ ಲೆಕ್ಕ

ಬಿಯರ್ ತಯಾರಕರಲ್ಲಿ 3-30-300 ಎಂಬ ಒಂದು ಅಂದಾಜಿನ ಲೆಕ್ಕ ಬಳಕೆಯಲ್ಲಿದೆ. ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ ಇಟ್ಟ ಬಿಯರುಗಳು ಒಂದೇ ಮಟ್ಟಕ್ಕೆ ಹಳತಾಗುತ್ತವೆ ಎಂಬುದು ಅದರ ಅರ್ಥ. ಅಕ್ಷರಶಃ ಹಿಡಿಯಬೇಕಾದ ಸೂತ್ರ ಇದಲ್ಲ, ನೆನಪಿಟ್ಟುಕೊಳ್ಳಲು ಅನುಕೂಲವಾದ ಲೆಕ್ಕ ಅಷ್ಟೆ. ಹೀಗಿದ್ದರೂ ಮೈಸೂರಿನ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 35 ಡಿಗ್ರಿಯ ಆಸುಪಾಸಿನಲ್ಲಿರುವಾಗ, ಅಟ್ಟದ ಮೇಲಿಟ್ಟ ಬಾಟಲಿಯ ಒಂದು ವಾರವು ಫ್ರಿಜ್ಜಿನೊಳಗಿನ ಬಾಟಲಿಯ ಎಷ್ಟೋ ತಿಂಗಳುಗಳಿಗೆ ಸಮನಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಶಾಖವು ಒಬ್ಬಂಟಿಯಾಗಿ ಕೆಲಸ ಮಾಡುವುದಿಲ್ಲ, ಒಳಗೆ ಸಿಕ್ಕಿಕೊಂಡ ಆಮ್ಲಜನಕ ಅದಕ್ಕೆ ಜೊತೆ. ಎಚ್ಚರದ ತಯಾರಕರು ಕ್ಯಾನಿಗೆ ತುಂಬಿದ ಬಿಯರಿನಲ್ಲಿ ಆಮ್ಲಜನಕವು ಲೀಟರಿಗೆ 50 ಮೈಕ್ರೋಗ್ರಾಮ್‌ಗಿಂತ ಕಡಿಮೆ ಇರಬೇಕೆಂದು ಪ್ರಯಾಸಪಡುತ್ತಾರೆ. ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಫ್ರಿಜ್ಜು. ಬಾಟಲಿಯನ್ನು ನಿಲ್ಲಿಸಿಯೇ ಇಡಿ, ಬಾಗಿಲಿನ ಖಾನೆಯಲ್ಲಿ ಬೇಡ, ಒಳಗಡೆ ಹಿಂದಕ್ಕೆ ಇಡಿ. ಫ್ರೀಜರಿನಲ್ಲಿ ಇಡಬೇಡಿ, ಒಡೆಯುತ್ತದೆ.

ಹಿಂದುಮುಂದಾದ ಪರೀಕ್ಷೆ

ಈಗ ಮುಖ್ಯವಾದ ಕೆಲಸ. ಹಳತಾಗುವುದನ್ನು ಕಣ್ಣಾರೆ, ಅಥವಾ ಮೂಗಾರೆ, ನೋಡಬೇಕೆನ್ನುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ನಾಲ್ಕು ಬಾಟಲಿಗಳನ್ನು ಹೊರಗಿಟ್ಟು ತಿಂಗಳಿಗೊಂದರಂತೆ ತೆರೆದು ಕುಡಿಯುವುದು. ಕಳೆದ ತಿಂಗಳ ರುಚಿಯನ್ನು ನಾಲಗೆ ನೆನಪಿಟ್ಟುಕೊಂಡಿರುವುದಿಲ್ಲ, ಹೀಗಾಗಿ ಹೋಲಿಕೆಯೇ ಆಗುವುದಿಲ್ಲ. ಇದನ್ನು ತಿರುಗುಮುರುಗಾಗಿ ಮಾಡಬೇಕು.

ಶಿವರಾತ್ರಿ ಕಳೆದ ಮೇಲೆ, ಮಾರ್ಚ್ ಮಧ್ಯದಲ್ಲಿ, ಒಂದೇ ಬ್ಯಾಚಿನ, ಒಂದೇ ದಿನಾಂಕದ ನಾಲ್ಕು ಐಪಿಎ ಕ್ಯಾನುಗಳನ್ನು ಕೊಳ್ಳಿ. ಬ್ಯಾಚ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮೂರನ್ನು ಫ್ರಿಜ್ಜಿನಲ್ಲಿಡಿ, ಒಂದನ್ನು ಅಂದೇ ಹೊರಗೆ, ಬೆಳಕು ಬೀಳದ ಬೀರುವಿನಲ್ಲಿಡಿ. ಏಪ್ರಿಲ್ ಮಧ್ಯದಲ್ಲಿ ಫ್ರಿಜ್ಜಿನಿಂದ ಇನ್ನೊಂದನ್ನು ತೆಗೆದು ಅದರ ಪಕ್ಕದಲ್ಲಿಡಿ, ಮೇ ಮಧ್ಯದಲ್ಲಿ ಮತ್ತೊಂದನ್ನು. ಕೊನೆಯದು ಫ್ರಿಜ್ಜಿನಲ್ಲೇ ಇರಲಿ. ಹೊರಗಿಟ್ಟ ದಿನಾಂಕವನ್ನು ಮಾರ್ಕರ್ ಪೆನ್ನಿನಿಂದ ಕ್ಯಾನಿನ ಮೇಲೇ ಬರೆಯಬೇಕು, ನೆನಪಿರುತ್ತದೆ ಎಂದುಕೊಳ್ಳಬೇಡಿ. ಜೂನ್ ಮಧ್ಯದಲ್ಲಿ, ಮುಂಗಾರು ಹಿಡಿದು ಊರು ತಂಪಾದ ಒಂದು ಸಂಜೆ ನಾಲ್ಕನ್ನೂ ಕುಡಿಯುವ ಹದಕ್ಕೆ ತಣಿಸಿದರೆ, ಮೂರು ತಿಂಗಳು, ಎರಡು ತಿಂಗಳು, ಒಂದು ತಿಂಗಳು ಬೇಸಿಗೆ ಕಂಡ ಬಿಯರುಗಳೂ ಬೇಸಿಗೆಯನ್ನೇ ಕಾಣದ ಬಿಯರೂ ಒಂದೇ ಮೇಜಿನ ಮೇಲೆ ಸಾಲಾಗಿ ನಿಲ್ಲುತ್ತವೆ. ಆಹಾರ ಪ್ರಯೋಗಾಲಯಗಳಲ್ಲಿಯೂ ಇಂಥ ತಿರುಗುಮುರುಗು ಕ್ರಮವನ್ನು ಅನುಸರಿಸುವುದುಂಟು.

ಆ ದಿನ ಮನೆಯಲ್ಲಿ ಊದುಬತ್ತಿ ಹಚ್ಚಬಾರದು, ಮುಡಿದ ಮಲ್ಲಿಗೆ ಆ ಕೋಣೆಯಲ್ಲಿರಬಾರದು. ಕೈಯನ್ನು ಬರೀ ನೀರಿನಲ್ಲಿ ತೊಳೆಯಿರಿ. ಗಂಧದ ಸೋಪಿನಲ್ಲಿ ತೊಳೆದ ಕೈಯಿಂದ ಲೋಟ ಎತ್ತಿದರೆ ನಾಲ್ಕು ಬಿಯರಿನಲ್ಲೂ ಗಂಧವೇ ಬರುತ್ತದೆ, ಇದು ಅನುಭವದ ಮಾತು. ಒಂದೇ ಬಗೆಯ ಗಾಜಿನ ಲೋಟಗಳನ್ನು ತೆಗೆದುಕೊಂಡು ತಳಕ್ಕೆ ಗುರುತಿನ ಚೀಟಿ ಅಂಟಿಸಿ, ಬೇರೊಬ್ಬರ ಕೈಯಲ್ಲಿ ಲೋಟಕ್ಕೆ 50 ಮಿಲಿಲೀಟರಿನಷ್ಟು ಮಾತ್ರ ಬಗ್ಗಿಸಿ ಸ್ಥಾನ ಬದಲಿಸಲು ಹೇಳಿ. ಬಾಯಿ ಶುದ್ಧಿಗೆ ಉಪ್ಪು ಖಾರವಿಲ್ಲದ ಕಡ್ಲೆಪುರಿ ಮತ್ತು ನೀರು ಸಾಕು, ಚುರುಮುರಿ ಬೇಡ. ಬಿಯರ್ ತೀರಾ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ಆದ್ದರಿಂದ ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು, 8 ರಿಂದ 10 ಡಿಗ್ರಿಗೆ ಬಂದ ಮೇಲೆ ಶುರುಮಾಡಿ. ಇದು ಕಾನೂನು ಒಪ್ಪುವ ವಯಸ್ಸಿನವರ ಕೆಲಸ, ಮುಗಿದ ಮೇಲೆ ಯಾರೂ ಗಾಡಿ ಮುಟ್ಟಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವ್ಯತ್ಯಾಸ ನಿಜವಾಗಿ ತಿಳಿಯುತ್ತಿದೆಯೋ ಅಥವಾ ತಿಳಿಯಿತೆಂದು ನಟಿಸುತ್ತಿದ್ದೇವೋ ಎಂಬ ಅನುಮಾನ ಬಂದರೆ, ಎರಡು ಲೋಟಗಳಲ್ಲಿ ಒಂದೇ ಬಿಯರನ್ನೂ ಮೂರನೆಯದರಲ್ಲಿ ಬೇರೆಯದನ್ನೂ ಕೊಟ್ಟು, ಬೇರೆಯದು ಯಾವುದೆಂದು ಕೇಳಬೇಕು. ಸುಮ್ಮನೆ ಬೆರಳು ತೋರಿಸಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ನಾಲ್ಕಾರು ಸಲ ಕೇಳಿಯೇ ತೀರ್ಮಾನಕ್ಕೆ ಬನ್ನಿ. ನಮ್ಮ ಮನೆಯಲ್ಲಿ ಇದನ್ನು ಮಾಡಿದಾಗ ಬಿಯರಿನ ಗಂಧಗಾಳಿ ಇಲ್ಲದ ನನ್ನ ಅಕ್ಕ, ಕುಡಿಯದೆ ಬರೀ ಮೂಸಿ, ಐದಕ್ಕೆ ಐದೂ ಸರಿಯಾಗಿ ಹೇಳಿದಳು. ಭಾವನವರು ಎರಡು ಹೇಳಿದರು.

ಲೋಟಗಳಲ್ಲಿ ಏನನ್ನು ಹುಡುಕಬೇಕು

ಮೊದಲು ಬಣ್ಣ. ಮೋಡ ಕವಿದಂತೆ ಮಬ್ಬಾಗಿರುವ, ಹೇಜಿ ಎಂದು ಕರೆಯುವ ಐಪಿಎಯಾದರೆ ಬಣ್ಣದಲ್ಲೇ ಅರ್ಧ ಕಥೆ ತಿಳಿಯುತ್ತದೆ. ಹೊಸದು ಮಾವಿನ ರಸದಂತೆ ಹಳದಿಯಾಗಿದ್ದರೆ, ಗಾಳಿ ತಾಗಿ ಹಳತಾದದ್ದು ಹೆಚ್ಚಿಟ್ಟ ಬದನೆಕಾಯಿಯಂತೆ ಬೂದುಗಂದಾಗುತ್ತದೆ. ಬದನೆಕಾಯಿಗೂ ಬಿಯರಿಗೂ ಈ ಬಣ್ಣ ಬರಲು ಕಾರಣ ಪಾಲಿಫೀನಾಲ್‌ಗಳೆಂಬ ಸಸ್ಯಜನ್ಯ ಪದಾರ್ಥಗಳ ಉತ್ಕರ್ಷಣೆ, ಅಂದರೆ ಅವು ಆಮ್ಲಜನಕದೊಂದಿಗೆ ಸೇರುವುದೇ. ಹೆಚ್ಚು ಡ್ರೈ ಹಾಪಿಂಗ್ ಮಾಡಿದ ಇಂಥ ಬಿಯರುಗಳು ಎಲ್ಲಕ್ಕಿಂತ ಬೇಗ ಸೊರಗುತ್ತವೆ.

ಆಮೇಲೆ ಘಮ. ಒಂದು ತಿಂಗಳು ಹೊರಗಿದ್ದ ಲೋಟದಲ್ಲಿ ಕೆಟ್ಟ ವಾಸನೆ ಏನೂ ಸಿಗುವುದಿಲ್ಲ, ಮಾವಿನ ಸೊನೆಯ ಚುರುಕು ಮತ್ತು ಸಿಪ್ಪೆಯ ಹಸಿತನ ತಗ್ಗಿರುತ್ತವೆ. ಪಕ್ಕದಲ್ಲಿ ಹೊಸದು ಇಲ್ಲದಿದ್ದರೆ ಇದು ಚೆನ್ನಾಗಿಯೇ ಇದೆ ಎನ್ನಿಸುವ ಘಟ್ಟ ಇದು. ಎರಡು ತಿಂಗಳಿನದರಲ್ಲಿ ಕಿತ್ತಳೆ ಹಣ್ಣಿನ ಬದಲು ಕಿತ್ತಳೆಯ ಮಾರ್ಮಲೇಡ್ ಅಥವಾ ಜೇನಿನ ನೆನಪು ಬರಬಹುದು. ಕೆಲವು ಬಿಯರುಗಳಲ್ಲಿ ಈ ನಡುವೆ ಬೆಕ್ಕಿನ ಮೂತ್ರದಂಥ ಒಂದು ಘಾಟು ಬಂದು ಹೋಗುವುದುಂಟು. 1977ರಲ್ಲಿ ಡಾಲ್ಗ್‌ಲೀಶ್ ಎಂಬವರು ಬಿಯರ್ ಹಳತಾಗುವ ಬಗೆಯನ್ನು ಗೆರೆಗಳಲ್ಲಿ ಬರೆದು ತೋರಿಸಿದಾಗ, ಈ ಘಾಟು ಬೇಗ ಏರಿ ಮತ್ತೆ ಇಳಿಯುತ್ತದೆ, ಕಹಿ ಒಂದೇ ಸಮನೆ ಇಳಿಯುತ್ತದೆ, ಸಿಹಿಯೂ ರಟ್ಟಿನ ವಾಸನೆಯೂ ತಡವಾಗಿ ಏರುತ್ತವೆ ಎಂದು ಗುರುತಿಸಿದ್ದರು. ಮೂರು ತಿಂಗಳಿನ ಲೋಟದಲ್ಲಿ ಬೆಲ್ಲದ ಪಾಕ, ಟಾಫಿ, ಅದರ ಹಿಂದೆ ನೆನೆದ ರಟ್ಟು ಕಾಣಿಸಿದರೆ ಆಶ್ಚರ್ಯಪಡಬೇಡಿ. ಬಿಯರಿನಲ್ಲಿ ಸಕ್ಕರೆಯೇನೂ ಹೆಚ್ಚಿರುವುದಿಲ್ಲ. ಕಂಪೂ ಕಹಿಯೂ ಹಿಂದೆ ಸರಿದಾಗ ಮಾಲ್ಟಿನ ಸಿಹಿ ಮುಂದೆ ಬಂದು ನಿಲ್ಲುತ್ತದೆ, ಜೊತೆಗೆ ಹೊಸದಾಗಿ ಹುಟ್ಟಿದ ಜೇನು ವಾಸನೆ ಆ ಭ್ರಮೆಯನ್ನು ಹೆಚ್ಚಿಸುತ್ತದೆ.

ಕಹಿಯ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು, ಏಕೆಂದರೆ ಹಳೆಯ ಬಿಯರು ಮೆತ್ತಗಾಗಿರುತ್ತದೆ ಎಂದು ಕೇಳಿದವರಿಗೆ ಇಲ್ಲಿ ಗೊಂದಲವಾಗುತ್ತದೆ. ಐಸೋ-ಆಲ್ಫಾ ಆಮ್ಲಗಳಲ್ಲಿ ಸಿಸ್, ಟ್ರಾನ್ಸ್ ಎಂಬ ಎರಡು ರೂಪಗಳಿವೆ, ಅವುಗಳಲ್ಲಿ ಟ್ರಾನ್ಸ್ ರೂಪ ಬೇಗ ಒಡೆದುಹೋಗುತ್ತದೆ. ಒಟ್ಟು ಕಹಿ ಕಡಿಮೆಯಾಗುವುದೇನೋ ಸರಿ, ಆದರೆ ಈ ಒಡೆಯುವಿಕೆಯಿಂದ ಹುಟ್ಟುವ ಕೆಲವು ಪದಾರ್ಥಗಳ ಕಹಿ ಒರಟು, ನಾಲಗೆಯ ಹಿಂಭಾಗದಲ್ಲಿ ಅಂಟಿಕೊಂಡು ಬಿಡದೆ ನಿಲ್ಲುತ್ತದೆ. ಹೊಸ ಐಪಿಎಯ ಕಹಿ ಹದವಾಗಿ ಹುರಿದ ಹಾಗಲಕಾಯಿಯಂತೆ ಬಂದು ಹೋಗುತ್ತದೆ, ಹಳೆಯದರದು ಬೇವಿನ ಕಡ್ಡಿ ಅಗಿದ ಮೇಲಿನ ಬಾಯಿಯಂತೆ ಉಳಿಯುತ್ತದೆ. ನುಂಗಿದ ಮೇಲೆ ಗಡಿಯಾರ ನೋಡಿ ಒಂದು ನಿಮಿಷ ಕಾಯಿರಿ, ಆಗ ಇದು ಸ್ಪಷ್ಟವಾಗುತ್ತದೆ.

ಬೆಣ್ಣೆಯ ವಾಸನೆ ಬಂದರೆ ಅದು ಬೇರೆ ವಿಷಯ. ಹಾಪ್ಸಿನಲ್ಲಿರುವ ಕಿಣ್ವಗಳು ಉಳಿದ ಹಿಟ್ಟಿನಂಶವನ್ನು ಸಕ್ಕರೆಯಾಗಿ ಒಡೆದು, ಯೀಸ್ಟು ಮತ್ತೆ ಎಚ್ಚೆತ್ತು ಡೈಅಸಿಟೈಲ್ ಉಂಟುಮಾಡಿರಬಹುದು. ಹುಳಿ ಬಂದರೆ ಅದು ಸೋಂಕು, ಚೆಲ್ಲಿಬಿಡಿ.

ಹತ್ತು ನಿಮಿಷದ ಬಿಸಿಲು

ಮೂರು ತಿಂಗಳು ಕಾಯುವ ತಾಳ್ಮೆಯಿಲ್ಲದವರಿಗೆ ಒಂದು ಸಣ್ಣ ಪರೀಕ್ಷೆಯಿದೆ. ಒಂದೇ ಕ್ಯಾನಿನಿಂದ ಎರಡು ಗಾಜಿನ ಲೋಟಗಳಿಗೆ ಬಗ್ಗಿಸಿ, ಎರಡನ್ನೂ ತಟ್ಟೆಯಿಂದ ಮುಚ್ಚಿ, ಒಂದನ್ನು ಒಳಗಿಟ್ಟು ಇನ್ನೊಂದನ್ನು ತಾರಸಿಯ ಬಿಸಿಲಿಗೆ ಒಯ್ಯಿರಿ. ಹತ್ತು ನಿಮಿಷ ಬಿಟ್ಟು ತಂದು, ಎರಡನ್ನೂ ಒಂದೇ ತಂಪಿಗೆ ತಂದು ಮೂಸಿ. ಬಿಸಿಲಿನ ಲೋಟದಿಂದ ಸುಟ್ಟ ರಬ್ಬರಿನಂಥ, ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಏಳುತ್ತದೆ. ಪಾಶ್ಚಾತ್ಯರು ಇದನ್ನು ಸ್ಕಂಕ್ ಎಂಬ ಅಮೆರಿಕದ ಪ್ರಾಣಿಯ ವಾಸನೆಗೆ ಹೋಲಿಸುತ್ತಾರೆ. ಬಿಯರಿನಲ್ಲಿ ಸಹಜವಾಗಿರುವ ರೈಬೊಫ್ಲೇವಿನ್, ಅಂದರೆ ಬಿ2 ಜೀವಸತ್ವ, ಬೆಳಕನ್ನು ಹೀರಿ ಹಾಪ್ಸಿನ ಕಹಿ ಆಮ್ಲಗಳನ್ನು ಸೀಳುತ್ತದೆ, ಸೀಳಿದ ತುಂಡಿಗೆ ಗಂಧಕ ಸೇರಿ ಈ ವಾಸನೆ ಹುಟ್ಟುತ್ತದೆ. ಇದು ವಯಸ್ಸಿನ ದೋಷವಲ್ಲ, ನಿನ್ನೆ ತಯಾರಾದ ಬಿಯರಿಗೂ ಬರುತ್ತದೆ. ಕಂದು ಗಾಜು ಈ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜೂ ಬಿಳಿ ಗಾಜೂ ತಡೆಯುವುದಿಲ್ಲ. ಬಿಳಿ ಬಾಟಲಿಯಲ್ಲಿ ಬರುವ ಕೆಲವು ಬಿಯರುಗಳಿಗೆ ಬೆಳಕು ತಾಳುವಂತೆ ಮಾರ್ಪಡಿಸಿದ ಹಾಪ್ಸ್ ಸಾರವನ್ನು ಬಳಸುತ್ತಾರೆ, ಅಂಥದನ್ನು ಈ ಪರೀಕ್ಷೆಗೆ ತೆಗೆದುಕೊಂಡರೆ ಏನೂ ಕಾಣಿಸದೆ ನಿರಾಶೆಯಾಗುತ್ತದೆ.

ಕಾಯ್ದಿಡಬಹುದಾದವು, ಉಳಿದುಹೋದವು

ಎಲ್ಲ ಬಿಯರೂ ಹೊಸದಾಗಿಯೇ ಕುಡಿಯತಕ್ಕದ್ದಲ್ಲ. ಬಾರ್ಲಿ ವೈನ್ ಎಂದು ಕರೆಯುವ, ಮದ್ಯದ ಅಂಶ ಹೆಚ್ಚಿರುವ ಗಾಢ ಬಿಯರುಗಳಲ್ಲಿ ಆ ಬೆಲ್ಲ, ಒಣದ್ರಾಕ್ಷಿಯ ರುಚಿಗಳೇ ಬೇಕಾದವು, ತಂಪಾದ ಜಾಗದಲ್ಲಿ ವರ್ಷಗಟ್ಟಲೆ ಇಟ್ಟರೂ ನಡೆಯುತ್ತದೆ. ಬ್ರಸೆಲ್ಸ್ ಸುತ್ತಮುತ್ತಲಿನ ಲ್ಯಾಂಬಿಕ್ ಎಂಬ ಹುಳಿ ಬಿಯರಿನ ತಯಾರಕರಂತೂ ಹಾಪ್ಸನ್ನೇ ವರ್ಷಗಟ್ಟಲೆ ಒಣಗಿಸಿಟ್ಟು, ಕಹಿಯೂ ಕಂಪೂ ಕಳೆದ ಮೇಲೆ, ಬರೀ ಕೆಡದಂತೆ ಕಾಯುವ ಗುಣಕ್ಕಾಗಿ ಹಾಕುತ್ತಾರೆ. ಬೆಲ್ಜಿಯಮ್ಮಿನ ಓರ್ವಾಲ್ ಎಂಬ ಮಠದ ಬಿಯರು ಇನ್ನೂ ವಿಚಿತ್ರವಾದದ್ದು. ಅದಕ್ಕೆ ಡ್ರೈ ಹಾಪಿಂಗ್ ಮಾಡಿ, ಬಾಟಲಿಗೆ ತುಂಬುವಾಗ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟನ್ನು ಸೇರಿಸುತ್ತಾರೆ. ಹೊಸದರಲ್ಲಿ ಹಾಪ್ಸಿನ ಘಮವಿದ್ದರೆ, ತಿಂಗಳುಗಳು ಕಳೆದಂತೆ ಅದು ಹೋಗಿ ಚರ್ಮದ, ಕೊಟ್ಟಿಗೆಯ ವಾಸನೆಯ ಒಣ ರುಚಿ ಬರುತ್ತದೆ, ಎರಡಕ್ಕೂ ಬೇರೆ ಬೇರೆ ಅಭಿಮಾನಿಗಳಿದ್ದಾರೆ. ನಮ್ಮ ಅಂಗಡಿಗಳ ಐಪಿಎಗೆ ಈ ಉದಾಹರಣೆಗಳನ್ನು ಅನ್ವಯಿಸಿಕೊಂಡು ಬೀರುವಿಗೆ ಸೇರಿಸಬೇಡಿ.

ಭಾವನವರ ಮನೆಯ ನಾಲ್ಕರಲ್ಲಿ ಉಳಿದ ಎರಡು ಕ್ಯಾನುಗಳನ್ನು ಚೆಲ್ಲಲು ಅಕ್ಕನಿಗೆ ಮನಸ್ಸಾಗಲಿಲ್ಲ. ಮೊದಲು ಅದನ್ನು ಕೋಳಿಸಾರಿಗೆ ಹಾಕಿ ಕುದಿಸಿದಳು, ನೀರು ಇಂಗಿದಷ್ಟೂ ಕಹಿ ಗಟ್ಟಿಯಾಗಿ ಸಾರು ಬಾಯಿಗಿಡಲಾಗಲಿಲ್ಲ. ಹಾಪ್ಸಿನ ಕಹಿ ಆವಿಯಾಗಿ ಹೋಗುವಂಥದಲ್ಲ. ಎರಡನೆಯದನ್ನು ಕಡಲೆಹಿಟ್ಟಿಗೆ ನೀರಿನ ಬದಲು, ತಣ್ಣಗಿರುವಾಗಲೇ, ಗುಳ್ಳೆ ಆರುವ ಮೊದಲೇ ಕಲಸಿ ಈರುಳ್ಳಿ ಬಜ್ಜಿ ಕರಿದಳು. ಅದಕ್ಕೆ ಅರ್ಧ ಕ್ಯಾನು ಸಾಕಾಯಿತು, ಉಪ್ಪು ಮಾತ್ರ ಒಂದು ಚಿಟಿಕೆ ಹೆಚ್ಚು ಬೇಕಾಯಿತು.